ನಷ್ಟಕ್ಕೆ ಮಾತ್ರ ಪಾಲುದಾರರು

ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆಯ ಪಾಠ ಓದಿದವರಿಗೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಗೊತ್ತಿರುತ್ತದೆ. ಅದರ 30ನೇ ಸೆಕ್ಷನ್ ನಮ್ಮ ವಯಸ್ಸಿನವರ ಬಗ್ಗೆ ಇದೆ. 18 ವರ್ಷ ತುಂಬದವರು ಪಾಲುದಾರರಾಗುವಂತಿಲ್ಲ. ಎಲ್ಲ ಪಾಲುದಾರರು ಒಪ್ಪಿದರೆ ಅವರನ್ನು ಲಾಭಕ್ಕೆ ಸೇರಿಸಿಕೊಳ್ಳಬಹುದು. ಆದರೆ ಸಂಸ್ಥೆಯ ಸಾಲಕ್ಕೆ ಅವರು ವೈಯಕ್ತಿಕವಾಗಿ ಹೊಣೆಯಲ್ಲ.

ಬಡವರ ಮನೆಗಳಲ್ಲಿ ಈ ನಿಯಮ ತಲೆಕೆಳಗಾಗಿದೆ. ಅಲ್ಲಿ ಹಂಚಲು ಲಾಭವೇ ಇರುವುದಿಲ್ಲ, ನಷ್ಟದಲ್ಲಿ ಮಾತ್ರ ಮಕ್ಕಳಿಗೂ ಪಾಲು. ತಂದೆ ಹಾಸಿಗೆ ಹಿಡಿದರೆ ಮಗ ಗ್ಯಾರೇಜಿಗೆ ಹೋಗುತ್ತಾನೆ. ತಾಯಿ ಮನೆಗೆಲಸಕ್ಕೆ ಹೋದರೆ ದೊಡ್ಡ ಮಗಳು ತಮ್ಮ ತಂಗಿಯರಿಗೆ ತಾಯಿಯಾಗುತ್ತಾಳೆ.

ಮನೆಯಲ್ಲಿ ಕೆಲಸ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನೆರವಿಗೂ ಹೊಣೆಗೂ ವ್ಯತ್ಯಾಸವಿದೆ. ನಮ್ಮ ಮನೆಮಾತು ಉರ್ದು. ಅಮ್ಮಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆರನೇ ತರಗತಿಯಿಂದಲೂ ಬ್ಯಾಂಕಿನ ಚಲನ್, ರೇಷನ್ ಕಾರ್ಡಿನ ಅರ್ಜಿ, ಆಸ್ಪತ್ರೆಯ ಚೀಟಿ ಎಲ್ಲ ಓದಿ ಬರೆಯುವುದು ನಾನೇ. ಅದು ನೆರವು, ಅದರಿಂದ ನಾನು ಕಲಿತದ್ದೇ ಹೆಚ್ಚು. ಆದರೆ ಈ ವಾರ ಬಾಡಿಗೆ ಕೊಡುವುದೋ ಸಂಘದ ಸಾಲದ ಕಂತು ಕಟ್ಟುವುದೋ ಎಂದು ಅಮ್ಮಿ ನನ್ನನ್ನೇ ಕೇಳಿದ ರಾತ್ರಿ ಪುಸ್ತಕ ತೆರೆದರೂ ಒಂದು ಸಾಲೂ ತಲೆಗೆ ಹೋಗಲಿಲ್ಲ. ಅವತ್ತು ನಾನು ಮಾಡಿದ ಕೆಲಸ ಏನೂ ಇರಲಿಲ್ಲ, ಹೊತ್ತದ್ದು ಹೊಣೆ. ಅಮ್ಮಿಯ ತಪ್ಪೂ ಅಲ್ಲ, ಕೇಳಲು ಅವರಿಗೆ ಬೇರೆ ಯಾರಿದ್ದರು?

ಕುಟುಂಬಗಳ ಬಗ್ಗೆ ಅಧ್ಯಯನ ಮಾಡಿದ ಮನೋವೈದ್ಯ ಸಾಲ್ವಡಾರ್ ಮಿನೂಚಿನ್ ಅವರು ಅಮೆರಿಕದ ಬಡ ಕುಟುಂಬಗಳಲ್ಲಿ ಹೆತ್ತವರ ಜಾಗದಲ್ಲಿ ನಿಂತ ಇಂಥ ಮಕ್ಕಳನ್ನು ಗುರುತಿಸಿದ್ದರು. ಮಕ್ಕಳಿಗೆ ಕೆಲಸ ವಹಿಸಿದರೂ ಕೊನೆಯ ಮಾತು ಹೆತ್ತವರದ್ದೇ ಆಗಿದ್ದರೆ ಮಗು ಅದರಿಂದ ಬೆಳೆಯುತ್ತದೆ. ದೊಡ್ಡವರು ಪೂರ್ತಿ ಕೈಬಿಟ್ಟರೆ ಅದೇ ಮಗು ಕುಗ್ಗುತ್ತದೆ. ಅವರ ಮಾತಿನ ಸಾರ ಇಷ್ಟು.

ಈ ಹೊಣೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು ದೇಶದಲ್ಲಿ ಸುಮಾರು 1 ಕೋಟಿ ಇದ್ದರು. ಆದರೆ ಸ್ವಂತ ಮನೆಯಲ್ಲಿ ಅಡುಗೆ ಮಾಡಿ, ಮಗು ನೋಡಿಕೊಳ್ಳುವ ಹುಡುಗಿ ಜನಗಣತಿಯ ಪ್ರಕಾರ ದುಡಿಯುವವಳಲ್ಲ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಬಂದು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಲಾಯಿತು. ಆದರೆ ಅಪಾಯವಿಲ್ಲದ ಕೆಲಸವಾದರೆ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಕುಟುಂಬಕ್ಕೆ ನೆರವಾಗಬಹುದು ಎಂಬ ವಿನಾಯಿತಿ ಉಳಿದಿದೆ. ಆ ನೆರವು ಎಲ್ಲಿ ಮುಗಿದು ಹೊಣೆ ಎಲ್ಲಿ ಶುರುವಾಗುತ್ತದೆ ಎಂದು ಯಾವ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ? 1 ಏಪ್ರಿಲ್ 2010ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯೂ 6ರಿಂದ 14 ವರ್ಷದವರಿಗೆ ಮಾತ್ರ. ನಾವು ಪಿಯುಸಿಗೆ ಬರುವಷ್ಟರಲ್ಲಿ ಆ ರಕ್ಷಣೆ ಮುಗಿದಿರುತ್ತದೆ.

ನಮ್ಮ ಕಾಲೇಜಿನಲ್ಲಿ ಇದು ಕಾಣುವುದು ಹಾಜರಿ ಪುಸ್ತಕದಲ್ಲಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಮೊದಲ ಪೀರಿಯಡ್‌ಗೆ ದಿನವೂ ತಡವಾಗಿ ಬರುವವಳು ತಮ್ಮನನ್ನು ಶಾಲೆಗೆ ಬಿಟ್ಟು ಬರುತ್ತಿರಬಹುದು. ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುವವನು ರಾತ್ರಿ ಹನ್ನೊಂದರವರೆಗೆ ಹೋಟೆಲಿನಲ್ಲಿ ದುಡಿದಿರಬಹುದು. ಇವರು ತಾವಾಗಿ ಹೇಳಿಕೊಳ್ಳುವುದಿಲ್ಲ. ಮನೆಯ ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ.

ಉಪನ್ಯಾಸಕರಲ್ಲಿ ನನ್ನದೊಂದು ಮನವಿ. ಹಾಜರಿ ಕಡಿಮೆಯಾದವರನ್ನು ಗದರುವ ಮುಂಚೆ ಒಬ್ಬರನ್ನೇ ಕರೆದು, "ಮನೆಯಲ್ಲಿ ಯಾರು ಯಾರಿದ್ದಾರೆ?" ಎಂದು ಕೇಳಿ. ಗೆಳೆಯರೇ, ತಪ್ಪಿದ ಕ್ಲಾಸಿನ ನೋಟ್ಸ್ ಅನ್ನು ಅವರು ಕೇಳುವ ಮೊದಲೇ ಕೊಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬರುವವರು ಬಾರದವರ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ. ಅಪಾಯದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಹಗಲು ರಾತ್ರಿ ಇದೆ. 18 ವರ್ಷದೊಳಗಿನ ಯಾರೇ ಆದರೂ ಅದಕ್ಕೆ ಉಚಿತವಾಗಿ ಕರೆ ಮಾಡಬಹುದು. ಆ ನಂಬರನ್ನು ನಮ್ಮ ನೋಟೀಸ್ ಬೋರ್ಡಿನಲ್ಲಿ ಹಾಕಬೇಕೆಂದು ಕೋರುತ್ತೇನೆ.