ಸುಣ್ಣಕಲ್ಲಿನ ಸೀಮೆಯ ಕೋಳಿಗೆ ರಂಜಕ ಎಲ್ಲಿಂದ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಸುಣ್ಣಕಲ್ಲಿಗೆ ಬರವಿಲ್ಲ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಅದರಿಂದಲೇ. ಮನೆಮನೆಗೆ ಹಾಸುವ ಶಹಾಬಾದಿ ಫರಸಿಯೂ ಅದೇ ಕಲ್ಲು. ಹಾಗಾಗಿ ಬಾಯ್ಲರ್ ಮರಿ ಕಾಲು ಎಳೆಯತೊಡಗಿದರೆ, "ಸುಣ್ಣ ಕಮ್ಮಿ ಆಗ್ಯಾದ, ಫೀಡಿನ್ಯಾಗ ಇನ್ನಾ ಸ್ವಲ್ಪ ಕಲ್ಲಪುಡಿ ಹಾಕ್ರಿ" ಎಂಬ ಸಲಹೆ ಬರುವುದು ಸಹಜ. ಆದರೆ ಈ ಸಲಹೆ ಕೆಲವು ಸಲ ಮರಿಯ ಕಾಲನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ.

ಎಲುಬು ಬರೀ ಸುಣ್ಣದಿಂದ ಆದದ್ದಲ್ಲ. ಕ್ಯಾಲ್ಸಿಯಂ ಎರಡು ಪಾಲು, ರಂಜಕ ಸುಮಾರು ಒಂದು ಪಾಲು ಸೇರಿ ಹರಳುಗಟ್ಟಿದಾಗ ಅದು ಗಟ್ಟಿಯಾಗುತ್ತದೆ. ಶುದ್ಧ ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂ ಶೇ. 40ರಷ್ಟಿದೆ, ರಂಜಕ ಇಲ್ಲವೆಂದೇ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಮೊದಲ ಮೂರು ವಾರದ ಬಾಯ್ಲರ್ ಮರಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 1, ಮೈಗೆ ಹತ್ತುವ ರಂಜಕ ಶೇ. 0.45 ಇರಬೇಕು. ಕಲ್ಲಪುಡಿ ಸುರಿದು ಕ್ಯಾಲ್ಸಿಯಂ ಹೆಚ್ಚಿಸಿದರೆ ಅದು ಕರುಳಿನಲ್ಲಿ ರಂಜಕವನ್ನು ಹಿಡಿದುಕೊಂಡು ಕರಗದ ಲವಣವಾಗಿ ಹಿಕ್ಕೆಯಲ್ಲಿ ಹೊರಹೋಗುತ್ತದೆ. ಸುಣ್ಣ ತಿಂದಷ್ಟೂ ಮರಿ ರಂಜಕಕ್ಕೆ ಹಸಿಯುತ್ತದೆ. ಮೊಟ್ಟೆ ಕೋಳಿಗೆ ಚಿಪ್ಪು ಕಟ್ಟಲು ಶೇ. 3.5ರ ಆಸುಪಾಸು ಕ್ಯಾಲ್ಸಿಯಂ ಬೇಕು ನಿಜ, ಆದರೆ ಅದೇ ಫೀಡನ್ನು ಎಳೆ ಮರಿಗೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಜೊತೆಗೆ, ಸಿಮೆಂಟಿಗೆ ಅಗೆಯುವ ಕಲ್ಲಿನಲ್ಲಿ ಸಿಲಿಕಾ, ಜೇಡಿ ಬೆರೆತಿರುತ್ತದೆ. ಅದು ಕೋಳಿಯ ಹೊಟ್ಟೆಗೆ ಹೋಗುವ ವಸ್ತುವಲ್ಲ.

ಮೆಕ್ಕೆಜೋಳ, ಸೋಯಾ ಹಿಂಡಿಯಲ್ಲಿ ರಂಜಕ ಬೇಕಾದಷ್ಟಿದೆ ಎಂಬುದು ಎರಡನೆಯ ನಂಬಿಕೆ. ಪ್ರಯೋಗಾಲಯದ ಚೀಟಿಯಲ್ಲಿ ಇದೆ, ಕೋಳಿಯ ಪಾಲಿಗೆ ಇಲ್ಲ. ಕಾಳಿನ ರಂಜಕದಲ್ಲಿ ಸುಮಾರು ಮೂರನೇ ಎರಡು ಭಾಗ ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ದಾಲ್ ಮಿಲ್ಲಿನ ತೊಗರಿ ಚುನ್ನಿ ತಿಂದ ಎಮ್ಮೆಗೆ ಅದರ ರಂಜಕ ದಕ್ಕುತ್ತದೆ, ಏಕೆಂದರೆ ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಫೈಟೇಟನ್ನು ಒಡೆಯುವ ಫೈಟೇಸ್ ಕಿಣ್ವವನ್ನು ತಾವೇ ತಯಾರಿಸುತ್ತವೆ. ಕೋಳಿಗೆ ಅಂಥ ಹೊಟ್ಟೆಯಿಲ್ಲ, ಕರುಳಿನಲ್ಲಿ ಹುಟ್ಟುವ ಫೈಟೇಸ್ ತೀರಾ ಅಲ್ಪ. ಅದಕ್ಕೇ ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಬೆರೆಸುವುದು, ಅದಕ್ಕೇ ಕಿಣ್ವ ಕೊಡುವುದು.

ಕಿಣ್ವವೆಂದರೆ ಕೋಳಿ ಊದಿಸುವ ಔಷಧ, ಹಾರ್ಮೋನ್ ಎಂದು ಹೆದರುವವರಿಗೆ ಒಂದು ಮಾತು. ಫೈಟೇಸ್ ಒಂದು ಪ್ರೋಟೀನು. ಅಕ್ಕಿ ತೌಡಿನಲ್ಲಿ ಅದನ್ನು 1907ರಲ್ಲೇ ಗುರುತಿಸಿದ್ದರು. ಬೂಷ್ಟಿನಿಂದ ತಯಾರಿಸಿ ಕೋಳಿ ಆಹಾರಕ್ಕೆಂದು 1991ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಿಟ್ಟರು. ಹೊಟ್ಟೆಯಲ್ಲಿ ಕೆಲಸ ಮುಗಿಸಿ ಬೇರೆ ಪ್ರೋಟೀನಿನ ಹಾಗೆ ತಾನೂ ಜೀರ್ಣವಾಗುತ್ತದೆ. ಬಾಯ್ಲರ್ ಬೇಗ ಬೆಳೆಯುವುದು ದಶಕಗಳ ತಳಿ ಆಯ್ಕೆಯಿಂದ, ಒಳ್ಳೆಯ ಆಹಾರದಿಂದ.

ಕಿಣ್ವ ಬಂದ ಮೇಲೆ ಡಿಸಿಪಿ ಪೂರ್ತಿ ಬಿಡಬಹುದು ಎನ್ನುವುದೂ ತಪ್ಪು, ಎರಡನ್ನೂ ಪೂರ್ತಿ ಹಾಕುವುದೂ ತಪ್ಪು. ಕಿಲೋ ಫೀಡಿಗೆ 500 ಯೂನಿಟ್ ಫೈಟೇಸ್ ಹಾಕಿದರೆ ಸುಮಾರು ಶೇ. 0.1 ರಂಜಕ ಬಿಡುಗಡೆಯಾಗುತ್ತದೆ, ಅಂದರೆ ಟನ್ನಿಗೆ ಒಂದು ಕಿಲೋ. ಡಿಸಿಪಿಯಲ್ಲಿ ರಂಜಕ ಶೇ. 18. ಹಾಗಾಗಿ ಟನ್ನಿಗೆ ಐದೂವರೆ ಕಿಲೋ ಡಿಸಿಪಿ ಉಳಿಯುತ್ತದೆ, ಅಷ್ಟೇ. ಈ ಲೆಕ್ಕವೂ ಕಲ್ಲಪುಡಿ ಮಿತಿಯಲ್ಲಿದ್ದರೆ ಮಾತ್ರ. ಹೆಚ್ಚು ಸುಣ್ಣ, ಅದರಲ್ಲೂ ಹಿಟ್ಟಿನಂತೆ ನುಣ್ಣಗಿರುವ ಸುಣ್ಣ, ಫೈಟೇಟಿಗೆ ಅಂಟಿಕೊಂಡು ಕಿಣ್ವವನ್ನು ಹತ್ತಿರ ಸೇರಿಸುವುದಿಲ್ಲ. ಡಿಸಿಪಿ ಉಳಿಸದೆ ಕಿಣ್ವದ ಜೊತೆ ಅದನ್ನೂ ಪೂರ್ತಿ ಸುರಿದರೆ ಹೆಚ್ಚಾದ ರಂಜಕ ಗೊಬ್ಬರದ ಮೂಲಕ ಹೊಲಕ್ಕೆ, ಮಳೆ ಜೋರಾದಾಗ ಹಳ್ಳಗಳ ಮೂಲಕ ಕಾಗಿಣಾ ನದಿಗೆ ಸೇರುತ್ತದೆ.

ರಂಜಕವೇ ತಾನೇ ಎಂದು ಹೊಲದ ಸೂಪರ್ ಫಾಸ್ಫೇಟನ್ನು ಫೀಡಿಗೆ ಬೆರೆಸುವ ಯೋಚನೆ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಫ್ಲೋರಿನ್ ಮರಿಗೆ ವಿಷ. ಚೀಲದ ಮೇಲೆ ಪಶು ಆಹಾರ ದರ್ಜೆ ಎಂದು ಬರೆದಿರುವುದನ್ನೇ ತರಬೇಕು.

ಇನ್ನು ಬಿಸಿಲು. ಪ್ರೋಟೀನಾದ್ದರಿಂದ ಕಿಣ್ವಕ್ಕೆ ಕಾವು ಆಗದು. ಗುಳಿಗೆ ಫೀಡ್ ಮಾಡುವಾಗಿನ 80 ಡಿಗ್ರಿ ದಾಟಿದ ಹಬೆಯಲ್ಲಿ ಲೇಪನವಿಲ್ಲದ ಫೈಟೇಸ್ ಕೆಡುತ್ತದೆ. ನಮ್ಮ ಮೇ ತಿಂಗಳ ಪತ್ರಾಸಿನ ಶೆಡ್ಡಿನಲ್ಲಿ ವಾರಗಟ್ಟಲೆ ಬಿಟ್ಟರೂ ಶಕ್ತಿ ಕುಂದುತ್ತದೆ. ತಾವೇ ಫೀಡ್ ಕಲಸುವವರು ಅದನ್ನು ತಂಪಿನಲ್ಲಿಡಲಿ. ಗ್ರಾಮಿಗೆ 5000 ಯೂನಿಟ್ಟಿನ ಪುಡಿಯಾದರೆ ಟನ್ನಿಗೆ ಬೇಕಿರುವುದು 100 ಗ್ರಾಂ ಮಾತ್ರ. ಮೊದಲು ಅದನ್ನು ಒಂದೆರಡು ಕಿಲೋ ಮೆಕ್ಕೆಜೋಳದ ನುಚ್ಚಿನಲ್ಲಿ, ಆಮೇಲೆ ಹತ್ತು ಕಿಲೋದಲ್ಲಿ, ಕೊನೆಗೆ ಇಡೀ ರಾಶಿಯಲ್ಲಿ ಕಲಸಬೇಕು. ಕಂಪನಿಯ ಫೀಡ್ ತರುವವರು ಮೇಲಿಂದ ಏನನ್ನೂ ಸೇರಿಸಬಾರದು. ಮರಿ ಕಾಲು ಬಿಡಲು ವಿಟಮಿನ್ ಡಿ3 ಕೊರತೆಯೂ ಕಾರಣವಾಗಬಹುದು, ಸೋಂಕೂ ಕಾರಣವಾಗಬಹುದು. ಅಂಥ ಮರಿಯನ್ನು ತಾಲ್ಲೂಕಿನ ಪಶುವೈದ್ಯರಿಗೆ ತೋರಿಸಿದ ಮೇಲೆಯೇ ಸುಣ್ಣದ ಡಬ್ಬಿಗೆ ಕೈ ಹಾಕಿ.