ಕೆರೆಯ ಪಾಚಿಯೂ ಡೀಸಲ್ ಎಣ್ಣೆಯೂ

ಹಳೇಬೀಡಿನ ದ್ವಾರಸಮುದ್ರ, ಬೇಲೂರಿನ ವಿಷ್ಣುಸಮುದ್ರ, ಅರಸೀಕೆರೆ ಸೀಮೆಯ ಸಣ್ಣಪುಟ್ಟ ಕೆರೆಗಳು, ಇವುಗಳ ನೀರು ತಗ್ಗಿದಾಗ ಹಸುರು ಕೆನೆ ಕಟ್ಟುವುದುಂಟು. ಪಾಚಿಯಿಂದ ಡೀಸಲ್ ಯಂತ್ರಕ್ಕೆ ಒದಗುವ ಎಣ್ಣೆಯನ್ನು ತಯಾರಿಸಬಹುದೆಂಬ ಮಾತು ಸುಳ್ಳಲ್ಲ. ಆದರೆ ಅದಕ್ಕಾಗಿ ಹೊಂಡ ತೋಡಿಸಿ ಹಣ ಹೂಡುವ ಮೊದಲು ಜಮೀನುದಾರರು ಲೆಕ್ಕವನ್ನು ತಿಳಿದಿರತಕ್ಕದ್ದು.

ಪಾಚಿಯಲ್ಲಿ ಹಲವು ಜಾತಿಗಳಿವೆ. ಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕೆಲವು ಹಸುರು ಪಾಚಿಗಳು ತಮ್ಮ ಒಣತೂಕದ ಐದನೆಯ ಒಂದು ಪಾಲು, ಕೆಲವು ವೇಳೆ ಇನ್ನೂ ಹೆಚ್ಚು, ಎಣ್ಣೆಯನ್ನು ಕೂಡಿಡುವುವು. ನೀಲಿಹಸುರು ಪಾಚಿಯಾದರೋ ಬ್ಯಾಕ್ಟೀರಿಯಾ ವರ್ಗಕ್ಕೆ ಸೇರಿದ್ದು. ಅದು ಕೂಡಿಡುವುದು ಹೆಚ್ಚಾಗಿ ಎಣ್ಣೆಯನ್ನಲ್ಲ, ಪಿಷ್ಟದಂಥ ಪದಾರ್ಥವನ್ನು. ಕೆರೆಯ ಮೇಲಣ ಕೆನೆಯು ಅನೇಕ ವೇಳೆ ಇದೇ ಆಗಿರುವುದು. ಇದರ ಕೆಲವು ಜಾತಿಗಳು ವಿಷಕರವಾದುದರಿಂದ ಅಂಥ ನೀರನ್ನು ದನಕರುಗಳಿಗೆ ಕುಡಿಸಕೂಡದು.

ಎಣ್ಣೆ ಕೈಗೆ ಬಂದ ಮೇಲಿನ ಕೆಲಸವು ಕಠಿಣವಲ್ಲ. ಮೆಥನಾಲಿನಲ್ಲಿ ಕಾಸ್ಟಿಕ್ ಸೋಡವನ್ನು ಕರಗಿಸಿ, ಬಿಸಿಮಾಡಿದ ಎಣ್ಣೆಗೆ ಬೆರಸಿ ಕದಡಿದರೆ ಗ್ಲಿಸರಿನ್ ತಳಕ್ಕಿಳಿದು ಉರುವಲೆಣ್ಣೆಯು ಮೇಲೆ ನಿಲ್ಲುವುದು. ಮೆಥನಾಲು ಘೋರ ವಿಷವೂ ಬೇಗ ಬೆಂಕಿ ಹತ್ತುವಂಥದೂ ಆದುದರಿಂದ ಇದನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ.

ತೊಡಕೆಲ್ಲ ಕೊಯ್ಲಿನಲ್ಲಿದೆ. ತೆರೆದ ಹೊಂಡದ ಒಂದು ಲೀಟರ್ ನೀರಿನಲ್ಲಿ ಒಣ ಪಾಚಿಯು ಸುಮಾರು ಅರ್ಧ ಗ್ರಾಂ ಮಾತ್ರ. ಆ ಪ್ರಕಾರ 1 ಕಿಲೋ ಎಣ್ಣೆಗೆ 10,000 ಲೀಟರ್ ನೀರನ್ನು ಸೋಸಬೇಕಾಗುವುದು, ದೊರೆತುದನ್ನು ಒಣಗಿಸಬೇಕು, ಸಾರಜನಕ ರಂಜಕಗಳ ಗೊಬ್ಬರವನ್ನೂ ಇಂಗಾಲಾಮ್ಲ ವಾಯುವನ್ನೂ ಒದಗಿಸಬೇಕು. ಅಮೆರಿಕದ ಸರಕಾರದವರು 1978ರಲ್ಲಿ ತೊಡಗಿದ ಪ್ರಯೋಗವು 1996ರಲ್ಲಿ ಮುಗಿದಾಗಲೂ ಪಾಚಿಯೆಣ್ಣೆಯು ಭೂಮಿಯೆಣ್ಣೆಗಿಂತ ಬಹಳ ದುಬಾರಿಯಾಗಿಯೇ ಇತ್ತು. ತೆಂಗಿಗೇ ನೀರು ಸಾಲದ ವರ್ಷಗಳನ್ನು ಕಂಡಿರುವ ಅರಸೀಕೆರೆ ತಾಲ್ಲೂಕಿನಲ್ಲಿ ಇಂಥ ಹೊಂಡಕ್ಕೆ ನೀರೆರೆಯುವುದು ವಿವೇಕವಲ್ಲ.

ಹೊಂಗೆಯ ಲೆಕ್ಕವೇ ಬೇರೆ. 4 ಕಿಲೋ ಬೀಜವನ್ನು ಗಾಣಕ್ಕೆ ಹಾಕಿದರೆ ಹೆಚ್ಚುಕಡಿಮೆ 1 ಕಿಲೋ ಎಣ್ಣೆ ಬರುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಾಸನದ ಬಳಿಯ ಮಡೆನೂರಿನಲ್ಲಿ 2007ರಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆ ಮೊದಲಾದ ಮರಗಳ ಬೀಜದೆಣ್ಣೆಯ ಕಾರ್ಯವನ್ನು ಜಿಲ್ಲೆಯ ರೈತರಲ್ಲಿಗೇ ತಂದರು. ಹೊಂಗೆಯನ್ನು ಹೊಲದ ಬದುಗಳಲ್ಲಿಯೂ ಹಳ್ಳದ ದಡದಲ್ಲಿಯೂ ನೆಡಬಹುದು. ಕೆರೆಯ ಏರಿಯ ಮೇಲೆ ಮಾತ್ರ ಬೇಡ, ಬೇರು ಹೊಕ್ಕು ಏರಿ ಸಡಿಲವಾಗುವುದು. ಬೇರೂರಿದ ಮೇಲೆ ನೀರಿನ ಖರ್ಚಿಲ್ಲ. ಸಾಧಾರಣವಾಗಿ ಐದಾರು ವರ್ಷಕ್ಕೆ ಕಾಯಿ ಹಿಡಿಯುವುದು. ಹಿಂಡಿಯು ಕಹಿಯಾದುದರಿಂದ ದನಗಳಿಗೆ ಸಲ್ಲದು. ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.