ಎರಡು ಸೆಕೆಂಡ್ ಮೌನ

ವೀಕ್ಷಕರೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

2024ರ ಬೇಸಿಗೆ. ಚನ್ನಗಿರಿ ಕಡೆ ಬೋರ್‌ವೆಲ್ ಬತ್ತಿ, ರೈತರು ಟ್ಯಾಂಕರ್ ನೀರು ತರಿಸಿ ಅಡಿಕೆ ತೋಟ ಉಳಿಸಿಕೊಳ್ಳಲು ಒದ್ದಾಡ್ತಿದ್ದರು. ಅಲ್ಲಿನ ಒಬ್ಬ ಅಮ್ಮನನ್ನು ವಿಡಿಯೋ ಕಾಲ್‌ನಲ್ಲಿ ಮಾತಾಡಿಸ್ತಿದ್ದೆ. "ಮನೇಲಿ ಎಲ್ಲಾ ಹೇಗಿದ್ದೀರಮ್ಮ?" ಅಂದೆ. ಉತ್ತರ ಬರಲಿಲ್ಲ. ಎರಡು ಸೆಕೆಂಡ್ ಕಾದು ಮುಂದಿನ ಪ್ರಶ್ನೆಗೆ ಹಾರಿದೆ. ಆಮೇಲೆ ರೆಕಾರ್ಡಿಂಗ್ ನೋಡಿದರೆ, ಅವರು ಏನೋ ಹೇಳಲು ಬಾಯಿ ತೆರೆದಿದ್ದರು. ನನ್ನ ಮಾತು ಅಡ್ಡ ಬಿದ್ದ ಕೂಡಲೇ "ಚೆನ್ನಾಗಿದೀವಿ ಸಾರ್" ಅಂದು ಮುಗಿಸಿಬಿಟ್ಟಿದ್ದರು.

ಇಂಥದ್ದೇ ಪರದೆಯ ಮೇಲೆ ಈಗ ಮನಸ್ಸಿನ ಚಿಕಿತ್ಸೆಯೂ ನಡೀತಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್‌ಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಫೋನ್ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. 2024ರ ಅಕ್ಟೋಬರ್‌ನಲ್ಲಿ ವಿಡಿಯೋ ಸಮಾಲೋಚನೆಯೂ ಬಂತು. ಮೊದಲು ಶುರುವಾದ ಕಡೆಗಳಲ್ಲಿ ಕರ್ನಾಟಕವೂ ಒಂದು.

ಸರಿ, ಪರದೆಯಲ್ಲಿ "ಇವರಿಗೆ ನನ್ನ ನೋವು ಅರ್ಥವಾಯ್ತು" ಅನ್ನಿಸೋದು ಹೇಗೆ?

ಎಂಜಿನಿಯರಿಂಗ್ ಓದಿದವನಾಗಿ ಮೊದಲ ಅಡ್ಡಿ ಹೇಳ್ತೀನಿ: ವಿಳಂಬ. ಧ್ವನಿ ಆ ಕಡೆ ತಲುಪಲು 150 ಮಿಲಿಸೆಕೆಂಡ್ ಮೀರದಿದ್ದರೆ ಮಾತು ಸಲೀಸು ಅನ್ನುತ್ತೆ ಅಂತಾರಾಷ್ಟ್ರೀಯ ಮಾನದಂಡ. ನೆಟ್‌ವರ್ಕ್ ಕೈಕೊಟ್ಟರೆ ಅದು ಎಷ್ಟೋ ಪಟ್ಟು ಹೆಚ್ಚುತ್ತೆ. ಆಗ ನಾವು ಲೈನನ್ನು ಬೈಯೋದಿಲ್ಲ, ಎದುರಿಗಿರೋ ಮನುಷ್ಯನಿಗೇ ಗಮನವಿಲ್ಲ ಅಂದ್ಕೋತೀವಿ. ಜರ್ಮನಿಯ ಸಂಶೋಧಕರು 2014ರಲ್ಲಿ ಕಂಡುಕೊಂಡದ್ದೂ ಇದನ್ನೇ.

ಎರಡನೆಯದು ಕಣ್ಣು. ನಾನು ಸ್ಟುಡಿಯೋದಲ್ಲಿ ಲೆನ್ಸ್ ನೋಡ್ತೀನಿ, ನಿಮಗೆ ನಿಮ್ಮನ್ನೇ ನೋಡಿದ ಹಾಗೆ ಅನ್ನಿಸುತ್ತೆ. ನಿಜ ಹೇಳಲಾ? ನನಗೆ ಅಲ್ಲಿ ಕಾಣೋದು ಗಾಜು. ಆಪ್ತಸಮಾಲೋಚಕರ ಕಷ್ಟ ಇದೇ. ಲೆನ್ಸ್ ನೋಡಿದರೆ ಎದುರಿನವರ ಮುಖ ಕಾಣಲ್ಲ. ಮುಖ ನೋಡಿದರೆ ಕಣ್ಣು ತಪ್ಪಿಸಿದ ಹಾಗೆ ಕಾಣುತ್ತೆ. ಅದಕ್ಕೇ ತಲೆಯಾಡಿಸಿ ತಿಳಿಸುತ್ತಿದ್ದುದನ್ನು ಬಾಯಿಬಿಟ್ಟು ಹೇಳಬೇಕಾಗುತ್ತೆ: "ಕೇಳಿಸ್ಕೊಳ್ತಿದ್ದೀನಿ, ನಿಧಾನಕ್ಕೆ ಹೇಳಿ." "ನಾನು ಕೆಳಗೆ ನೋಡಿದರೆ ಬರ್ಕೊಳ್ತಿದ್ದೀನಿ ಅಂತ ತಿಳ್ಕೊಳ್ಳಿ."

ಮೂರನೆಯದು ಬಾಗಿಲು. ಆಸ್ಪತ್ರೆಯ ಕೋಣೆಗೆ ಬಾಗಿಲಿದೆ. ಹಳ್ಳಿಮನೆಯ ನಡುಮನೆಗೆ? ಅತ್ತೆ ಅಲ್ಲೇ, ಮಕ್ಕಳು ಅಲ್ಲೇ. "ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಅಂತ ಕೇಳೋದೇ ಸಹಾನುಭೂತಿಯ ಮೊದಲ ಹೆಜ್ಜೆ. "ಹೂಂ" ಅಂದರೆ, "ಯಾವಾಗ ಮಾತಾಡೋಣ?" ಅನ್ನೋದು ಎರಡನೆಯದು.

ಹಾಗಂತ ಪರದೆ ಬರೀ ಕೊರತೆಯಲ್ಲ. ಸಣ್ಣ ಊರಿನಲ್ಲಿ ಮನೋವೈದ್ಯರ ಬಾಗಿಲಲ್ಲಿ ಕೂತರೆ ಸಂಜೆಯೊಳಗೆ ಬೀದಿಗೆಲ್ಲಾ ಸುದ್ದಿ. ಫೋನ್ ಹಿಡಿದು ತೋಟಕ್ಕೆ ಹೋದರೆ ಯಾರೂ ಕೇಳಲ್ಲ. ಮುಖಾಮುಖಿ ಹೇಳಲು ನಾಚಿಕೆಯಾಗುವ ಮಾತು ಕೆಲವರಿಗೆ ಫೋನಿನಲ್ಲೇ ಸುಲಭವಾಗಿ ಬರುತ್ತೆ. ಆದರೆ ಅಷ್ಟು ಧೈರ್ಯ ಮಾಡಿದವರ ಮಾತಿಗೆ ಈ ಕಡೆಯವರು ಕಾಯಬೇಕು.

ಇದು ವೈದ್ಯರಿಗಷ್ಟೇ ಹೇಳಿದ ಮಾತಲ್ಲ. ಊರಿಂದ ಅಪ್ಪ ಅಮ್ಮ ವಿಡಿಯೋ ಕಾಲ್ ಮಾಡಿದಾಗ "ಚೆನ್ನಾಗಿದೀನಿ" ಅಂದರೆ ತಕ್ಷಣ ಇಡಬೇಡಿ. ಇನ್ನೊಂದು ಸಲ ಕೇಳಿ, ಕಾಯಿರಿ. ನಾನು ಅವತ್ತು ಕಾಯಲಿಲ್ಲ. ಆ ಅಮ್ಮ ಏನು ಹೇಳಲು ಹೊರಟಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.